ಮೀಟರೂ ಒಂದು ತಕ್ಕಡಿಯೇ

ತೂಕದಲ್ಲಿ ಗುಲಗಂಜಿಯಷ್ಟೂ ಮೋಸ ಮಾಡೆನೆಂದು ಎದೆ ತಟ್ಟಿಕೊಳ್ಳುವ ವರ್ತಕರೇ ಮನೆಯ ಮೀಟರಿನಿಂದ ತಂತಿಯೆಳೆದು ಅಂಗಡಿ ನಡೆಸುವುದುಂಟು. ನಮ್ಮ ಹಿರೇನಲ್ಲೂರಿನಂತಹ ಊರುಗಳಲ್ಲಿ ಇದನ್ನು ಯಾರೂ ತಪ್ಪೆಂದೇ ಎಣಿಸುವುದಿಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಉಚಿತ ವಿದ್ಯುತ್ತು ಗೃಹಬಳಕೆಗೆ ಮಾತ್ರ. ಅದರಿಂದ ಅಂಗಡಿಯ ಫ್ರೀಜರ್ ನಡೆಸಿ ಗಳಿಸಿದ ಲಾಭವು ಅಚೌರ್ಯವನ್ನು ನಂಬಿದವನಿಗೆ ಸಲ್ಲುವುದೇ?

'ಸರ್ಕಾರದ ಸೊತ್ತು, ಯಾರಿಗೆ ನಷ್ಟ?' ಎಂಬ ಸಮಾಧಾನ ಹುರುಳಿಲ್ಲದ್ದು. ಮೆಸ್ಕಾಂನೊಡನೆ ಮಾಡಿಕೊಂಡ ಒಪ್ಪಂದವು ಸಾಲಪತ್ರದಷ್ಟೇ ಬಂಧಕವಾದುದು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೆಯ ಪ್ರಕರಣದಂತೆ ಅನಧಿಕೃತ ಬಳಕೆಗೆ ಎರಡರಷ್ಟು ದರ ಬೀಳುತ್ತದೆ. ಆರಂಭವಾದ ದಿನ ತಿಳಿಯದಿದ್ದರೆ ತಪಾಸಣೆಗೆ ಹಿಂದಿನ 12 ತಿಂಗಳಿಗೆ ಲೆಕ್ಕ ಕಟ್ಟುತ್ತಾರೆ. ಆದರೆ ದಂಡದ ಭಯದಿಂದ ಹುಟ್ಟಿದ ಪ್ರಾಮಾಣಿಕತೆಯಿಂದ ಏನು ಬಂತು?

ಬಿಲ್ಲು ಭಾರವೆನಿಸಿದರೆ ನ್ಯಾಯದ ದಾರಿಗಳಿವೆ. ನಿಗದಿತ ಶುಲ್ಕವು ಮಂಜೂರಾದ ಲೋಡನ್ನು ಅನುಸರಿಸುತ್ತದೆ, ದೀಪ ಉರಿಯಲಿ ಬಿಡಲಿ. 10 ಕಿಲೋವ್ಯಾಟ್ ಮಂಜೂರು ಮಾಡಿಸಿಕೊಂಡು 5ನ್ನೇ ಬಳಸುವವನು ಲೋಡು ಇಳಿಸಲು ಅರ್ಜಿ ಕೊಡಲಿ. ಹಿಟ್ಟಿನ ಗಿರಣಿಯವನು ಮೋಟಾರಿಗೆ ತಕ್ಕ ಕೆಪ್ಯಾಸಿಟರ್ ಹಾಕಿಸಲಿ. ಪವರ್ ಫ್ಯಾಕ್ಟರ್ ಕುಗ್ಗಿ ಬೀಳುವ ಹೆಚ್ಚುವರಿ ಶುಲ್ಕ ಉಳಿಯುತ್ತದೆ.

ಬೆಳಿಗ್ಗೆ ತಕ್ಕಡಿಗೆ ಕೈಮುಗಿದು ವ್ಯಾಪಾರ ತೆರೆಯುವ ನಾವು ಮೊದಲು ಆ ಮನೆಯ ತಂತಿಯನ್ನು ಕಿತ್ತು, ವಾಣಿಜ್ಯ ಸಂಪರ್ಕಕ್ಕೆ ಅರ್ಜಿ ಬರೆಯೋಣ.