ಸೂಕ್ಷ್ಮದರ್ಶಕ ಯಂತ್ರವೂ ಪರಸ್ಥಳದ ಸಂಶೋಧಕರೂ
ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆವರಣದಲ್ಲಿ ಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಯಂತ್ರವನ್ನು ಸ್ಥಾಪಿಸಿ, ಹೊರಗಿನ ಸಂಶೋಧಕರಿಗೂ ತೆರೆದಿಟ್ಟಿರುವುದು ಶ್ಲಾಘ್ಯವಾದ ಕಾರ್ಯವೇ ಸರಿ. ಪ್ರೋಟೀನಿನ ಅಣುಗಳನ್ನು ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿಸಿ ಅವುಗಳ ಆಕಾರವನ್ನು ಕಾಣಿಸುವ ಈ ವಿದ್ಯೆಯನ್ನು ಬೆಳೆಸಿದ ಡುಬೋಶೆ, ಫ್ರಾಂಕ್, ಹೆಂಡರ್ಸನ್ ಎಂಬ ಮೂವರು ಪಂಡಿತರಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ದೊರೆತುದನ್ನು ವಾಚಕರು ಬಲ್ಲರು. ದೇಶದ ಇಂತಹ ಉಪಕರಣಗಳನ್ನು ಒಂದೇ ಪಟ್ಟಿಯಲ್ಲಿ ತೋರಿಸುವ ಐ-ಸ್ಟೆಮ್ ವ್ಯವಸ್ಥೆಯೂ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಹೋಗುವ ಶಕ್ತಿ ಬಂದೀತೆ? ದೊಡ್ಡ ಯಂತ್ರಕ್ಕೆ ಒಪ್ಪಿಸುವ ಮೊದಲು ಮಾದರಿಯನ್ನು ಶುದ್ಧಗೊಳಿಸಿ, ಹಿಮದ ತೆಳುಪೊರೆಯಲ್ಲಿ ಹಿಡಿದು, ಚಿಕ್ಕ ಯಂತ್ರದಲ್ಲಿ ಪರೀಕ್ಷಿಸತಕ್ಕದ್ದು. ಇದು ಒಂದೇ ಯತ್ನದಲ್ಲಿ ಕೈಗೂಡುವುದು ವಿರಳ. ರಾಯಚೂರಿನಿಂದಲೋ ಧಾರವಾಡದಿಂದಲೋ ಬರುವ ವಿದ್ಯಾರ್ಥಿಗೆ ಪ್ರತಿಯೊಂದು ಸೋಲೂ ಮತ್ತೊಂದು ರೈಲು ಪ್ರಯಾಣ. ಆವರಣದಲ್ಲಿರುವವನಿಗಾದರೋ ನಾಲ್ಕು ಹೆಜ್ಜೆ. ಶುಲ್ಕದ ಪಟ್ಟಿಯಲ್ಲಿ ಈ ಅಂತರವು ಕಾಣಿಸದು.

ಆದುದರಿಂದ ಪೂರ್ವಪರೀಕ್ಷೆಯ ಹೆಚ್ಚಿನ ದಿನಗಳನ್ನು ಪರಸ್ಥಳದ ಕಾಲೇಜುಗಳಿಗೆ ಕೊಟ್ಟು, ಪ್ರಯಾಣ ವಸತಿಗಳ ವೆಚ್ಚವನ್ನೂ ಇಲಾಖೆಯವರೇ ವಹಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಯಾವ ಊರಿನವರಿಗೆ ಎಷ್ಟು ದಿನ ದೊರೆಯಿತೆಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಲು ಅವರಿಗೆ ಅಡ್ಡಿಯೇನು?