ಜಗುಲಿ ಮಾತು: ಬಳೆಯ ದುಡ್ಡಿಗೆ ಬಂದ ಬೈಕು



ಹೋದ ಸಲ ಉಪ್ಪಿನಕಾಯಿ ಜಾಡಿಗೆ ಬೂಷ್ಟು ಬಾರದಂತೆ ಏನು ಮಾಡಬೇಕು ಅಂತ ಹರಟಿದ್ದೆವು. ಈ ಸಲ ಜಗುಲಿಯ ಪಕ್ಕದಲ್ಲೇ ನಿಂತಿರುವ ಹೊಸ ಅತಿಥಿಯ ಸುದ್ದಿ. ನಮ್ಮ ಮನೆಗೆ ಬೈಕು ಬಂತು. ಮಗನಿಗೆ ಅಂದುಕೊಂಡಿರಾ? ಮಗಳಿಗೆ!

ಅವಳಿಗೆ ನರ್ಸ್ ಕೆಲಸ ಸಿಕ್ಕಿ ವರ್ಷವಾಗುತ್ತ ಬಂತು. ಆರೋಗ್ಯ ಕೇಂದ್ರ ನಮ್ಮೂರಿನಿಂದ 16 ಕಿಲೋಮೀಟರ್ ಆಚೆ. ಸಂಜೆ ಐದೂವರೆ ಬಸ್ಸು ತಪ್ಪಿದರೆ ಹಾಲಿನ ವ್ಯಾನೇ ಗತಿ. ಒಂದು ದಿನ ಹೆರಿಗೆ ಕೇಸು ತಡವಾಗಿ ರಾತ್ರಿ ಒಂಬತ್ತಕ್ಕೆ ಮನೆ ಸೇರಿದಳು. ನಾನು ಸಾರು ಬಿಸಿ ಮಾಡುತ್ತಾ ಗೊಣಗುತ್ತಿದ್ದೆ. ತಟ್ಟೆ ಮುಂದೆ ಕೂತವಳು ಮೆಲ್ಲಗೆ, “ಅಮ್ಮಾ, ನಂಗೊಂದು ಬೈಕ್ ಬೇಕು” ಅಂದಳು.

“ಸ್ಕೂಟರ್ ತಗೊಳ್ಳೇ. ಹೆಣ್ಮಕ್ಕಳಿಗೆ ಬೈಕ್ ಯಾಕೆ?” ಅಂದೆ.

“ಸ್ಕೂಟರ್ ಚಕ್ರ ಚಿಕ್ಕದಮ್ಮಾ. ಆ ರಸ್ತೆ ಗುಂಡಿ ನೋಡಿದ್ದೀಯಲ್ಲ? ಬೈಕಿನ ಚಕ್ರ ದೊಡ್ಡದು, ಗುಂಡಿ ದಾಟಿಕೊಂಡು ಹೋಗುತ್ತೆ. ಪೆಟ್ರೋಲೂ ಉಳಿಯುತ್ತೆ.”

ಮಾತು ನ್ಯಾಯವಾಗಿಯೇ ಇತ್ತು. ಆದರೂ ನನ್ನ ಎದೆ ಒಪ್ಪಲಿಲ್ಲ. ಕಾರಣ ನನ್ನ ತಮ್ಮ. ಮೂವತ್ತು ವರ್ಷದ ಹಿಂದೆ ಊರ ಬಾಗಿಲಲ್ಲೇ ಮರಳಿನ ಮೇಲೆ ಗಾಡಿ ಜಾರಿ ಬಿದ್ದ. ಹೆಲ್ಮೆಟ್ಟು ಇತ್ತು. ತಲೆಯ ಮೇಲಲ್ಲ, ಗಾಡಿಯ ಪಕ್ಕದಲ್ಲಿ ನೇತಾಡುತ್ತಿತ್ತು. “ಇಲ್ಲೇ ಹೋಗ್ಬರೋದಕ್ಕೆ ಅದ್ಯಾಕೆ” ಅಂದುಕೊಂಡನಂತೆ. ಜೀವ ಉಳಿಯಿತು, ಬಲಗಿವಿ ಮಾತ್ರ ಇಂದಿಗೂ ಕೇಳಿಸದು. ಅದನ್ನು ಕಂಡ ನಾನು ಮಗಳಿಗೆ ಹೂಂ ಅನ್ನುವುದು ಹೇಗೆ?

ಎರಡು ವಾರ ಮನೆಯಲ್ಲಿ ಮಾತೇ ಇಲ್ಲ. ಕೊನೆಗೆ ಆ ತಮ್ಮನೇ ಬಂದು, “ಅಕ್ಕಾ, ನಾನು ಬಿದ್ದದ್ದು ಗಾಡಿಯಿಂದಲ್ಲ, ಉಡಾಫೆಯಿಂದ. ಅವಳಿಗೆ ಸರಿಯಾಗಿ ಕಲಿಸಿ ಕೊಡಿಸು. ರಾತ್ರಿ ಯಾರದ್ದೋ ವ್ಯಾನಿಗೆ ಕೈ ಅಡ್ಡ ಹಾಕಿ ಬರೋದು ಮಾತ್ರ ಕ್ಷೇಮವೇ?” ಅಂದ. ಬಾಯಿ ಕಟ್ಟಿತು. ಬಳೆ ಮಾಡಿಸಲೆಂದು ಕೂಡಿಟ್ಟಿದ್ದ ಚೀಟಿ ದುಡ್ಡು ಬೀರುವಿನಿಂದ ಈಚೆಗೆ ಬಂತು. ಆ ಓಡಾಟದಲ್ಲಿ ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ನಿಮಗೋ, ಸೊಸೆಗೋ, ಮಗನಿಗೋ ಮೊದಲ ಗಾಡಿ ತರುವಾಗ ಉಪಯೋಗಕ್ಕೆ ಬಂದೀತು.

ಮೊದಲು ಲೈಸೆನ್ಸು, ಆಮೇಲೆ ಗಾಡಿ. ಗೇರಿನ ಬೈಕಿಗೆ 18 ವರ್ಷ ತುಂಬಿರಲೇಬೇಕು. “ನಮ್ಮ ಹುಡುಗ ಹುಷಾರು” ಅಂತ ಹೈಸ್ಕೂಲ್ ಮಕ್ಕಳ ಕೈಗೆ ಕೀ ಕೊಡುವ ತಾಯಂದಿರು ಗಮನಿಸಿ: 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿಯೂ ಒಂದು ವರ್ಷ ರದ್ದು. ಎಲ್‌ಎಲ್‌ಆರ್ ಆರು ತಿಂಗಳಿಗೆ ಬರುತ್ತದೆ; ಅದು ಸಿಕ್ಕಿ 30 ದಿನ ಕಳೆದ ಮೇಲೆ ಪರೀಕ್ಷೆ. ಗೇರಿಲ್ಲದ ಗಾಡಿಗೆ ಮಾತ್ರ ಲೈಸೆನ್ಸ್ ಮಾಡಿಸಿದರೆ ಮುಂದೆ ಬೈಕಿಗೆ ಮತ್ತೆ ಅಲೆಯಬೇಕು. ಗೇರಿನದೇ ಮಾಡಿಸಿದರೆ ಸ್ಕೂಟರನ್ನೂ ಓಡಿಸಬಹುದು.

ಕಲಿಸಿದವರು ನಮ್ಮನೆಯವರು. ಕಾಲೇಜಿನ ದಿನಗಳಲ್ಲಿ ಯೆಜ್ಡಿ ಓಡಿಸಿದವರು ಅವರು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಆ ಗಾಡಿಗೆ ಕಿಕ್ ಹೊಡೆಯುವ ಸನ್ನೆಯೇ ಗೇರಿನ ಸನ್ನೆಯೂ ಆಗುತ್ತಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿದಾಗ ಇವರು ಒಂದು ಹೊತ್ತು ಊಟ ಬಿಟ್ಟಿದ್ದರು! ಸ್ನೇಹಿತರ ಹಳೇ ಬೈಕಿನಲ್ಲಿ ಸಂತೆ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ ಪಾಠ. ಕ್ಲಚ್ಚನ್ನು ಹಾಲು ಉಕ್ಕುವಾಗ ಉರಿ ತಗ್ಗಿಸುವ ಹಾಗೆ ಮೆಲ್ಲಗೆ ಬಿಡಬೇಕು ಅಂತ ನಾನೇ ಹೇಳಿಕೊಟ್ಟೆ. ಎರಡೂ ಬ್ರೇಕು ಒಟ್ಟಿಗೆ ಹಿಡಿಯುವುದು, ಎಂಟು ಹಾಕುವುದು, ಎಲ್ಲ ಬಂದ ಮೇಲೇ ಷೋರೂಮಿಗೆ ಹೊರಟದ್ದು.

ಅಲ್ಲಿನ ಹುಡುಗ ಮಗಳನ್ನು ನೋಡಲೇ ಇಲ್ಲ. “ಸಾರ್, ಮೇಡಂಗೆ ಪಿಂಕ್ ಕಲರ್ ಸ್ಕೂಟರ್ ತೋರಿಸ್ಲಾ?” ಅಂತ ಇವರನ್ನು ಕೇಳಿದ. ಇವರು ಕುರ್ಚಿ ಎಳೆದು ಕೂತು, “ಗಾಡಿ ತಗೊಳ್ಳೋದು ಅವಳು. ಅವಳನ್ನೇ ಕೇಳಪ್ಪ” ಅಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರ ಮಾತು ಅಷ್ಟು ಹಿಡಿಸಿದ್ದು ಅಪರೂಪ!

ಆಯ್ಕೆಯಲ್ಲಿ ಬಣ್ಣ ಕೊನೆಗೆ. ಗಾಡಿ ಮೇಲೆ ಕೂತರೆ ಎರಡೂ ಪಾದ ನೆಲಕ್ಕೆ ಊರಬೇಕು. ಇಳಿದು ಹಿಂದಕ್ಕೆ ತಳ್ಳಿ ನೋಡಬೇಕು, ಸ್ಟ್ಯಾಂಡಿಗೆ ಒಬ್ಬಳೇ ಹಾಕಿ ನೋಡಬೇಕು. 100 ಸಿಸಿಯ ಸಾಧಾರಣ ಬೈಕು ಸುಮಾರು 110 ಕಿಲೋ ತೂಗುತ್ತದೆ. 350 ಸಿಸಿಯ ಬುಲೆಟ್ಟು 190 ಕಿಲೋ ದಾಟುತ್ತದೆ. ಅಂದರೆ ಒಂದೂವರೆ ಅಕ್ಕಿಮೂಟೆಗೂ ಹೆಚ್ಚಿನ ವ್ಯತ್ಯಾಸ. ಹೊಸದಾಗಿ ಕಲಿತವರಿಗೆ ಹಗುರವೇ ಲೇಸು. 125 ಸಿಸಿಗೆ ಮೇಲ್ಪಟ್ಟ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಬ್ರೇಕು ಕಡ್ಡಾಯವಾಯಿತು. ಗಟ್ಟಿಯಾಗಿ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ಅದು ತಡೆಯುತ್ತದೆ. ನೀವು ಕೊಳ್ಳುವ ಗಾಡಿಗೆ ಅದು ಇದೆಯೋ ಇಲ್ಲವೋ ಬಾಯಿಬಿಟ್ಟು ಕೇಳಿ.

ಸೀರೆ, ವೇಲು ಧರಿಸುವ ನಮಗೆ ಸಾರಿ ಗಾರ್ಡು ಬಹಳ ಮುಖ್ಯ. ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ತಡೆ, ಹಿಂದೆ ಕೂತವರಿಗೆ ಹಿಡಿ, ಕಾಲೂರಲು ಜಾಗ, ಇವು 1989ರ ಮೋಟಾರು ವಾಹನ ನಿಯಮದಲ್ಲೇ ಇವೆ. “ಲುಕ್ ಹೋಗುತ್ತೆ” ಅಂತ ಬಿಚ್ಚಿಸಬೇಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ವೇಲು ಹಿಂದಕ್ಕೆ ಗಂಟು ಹಾಕಿ ಕೂರುವುದು ಅಭ್ಯಾಸವಾಗಲಿ.

ಇನ್ನು ಲೆಕ್ಕಾಚಾರ. ಬೋರ್ಡಿನ ಮೇಲಿನ ಬೆಲೆ ಬೇರೆ, ರಸ್ತೆಗಿಳಿಯುವ ಬೆಲೆ ಬೇರೆ. ತೆರಿಗೆ, ನೋಂದಣಿ, ವಿಮೆ ಎಲ್ಲ ಸೇರಿಸಿ ಬರೆದುಕೊಡಿ ಅಂತ ಕೇಳಿ. ಬೇಡದ ಸೀಟ್ ಕವರು, ಮ್ಯಾಟುಗಳನ್ನು ಹೊಡೆದುಹಾಕಿಸಿ; ನಮಗೆ ಅದರಲ್ಲೇ ಒಂದು ಒಳ್ಳೆಯ ಹೆಲ್ಮೆಟ್ಟಿನ ದುಡ್ಡು ಉಳಿಯಿತು. ಹೊಸ ಗಾಡಿಗೆ 2018ರ ಸೆಪ್ಟೆಂಬರಿನಿಂದ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ಎದುರಿನವರ ನಷ್ಟಕ್ಕೆ. ನಮ್ಮ ಗಾಡಿಯ ಪೆಟ್ಟಿಗೆ ಬೇರೆ ವಿಮೆ ಬೇಕು, ಅದನ್ನು ಆಗಾಗ ನವೀಕರಿಸಬೇಕು.

ಕಂತಿನ ಸಾಲಕ್ಕೆ ಸಹಿ ಹಾಕುವ ಮುಂಚೆ “ಬಡ್ಡಿ ಫ್ಲಾಟೋ, ಇಳಿಯುವ ಬಾಕಿ ಮೇಲೋ?” ಅಂತ ಒಂದು ಪ್ರಶ್ನೆ ಕೇಳಿ. 60,000 ರೂಪಾಯಿಗೆ ಮೂರು ವರ್ಷ ಶೇಕಡಾ 10 ಫ್ಲಾಟ್ ಅಂದರೆ ಬಡ್ಡಿ 18,000. ಅದೇ ಶೇಕಡಾ 10 ಇಳಿಯುವ ಬಾಕಿಯ ಮೇಲಾದರೆ ಸುಮಾರು 9,700. ಎರಡಕ್ಕೂ ಬಾಯಲ್ಲಿ ಹೇಳುವುದು ‘ಹತ್ತು ಪರ್ಸೆಂಟ್’ ಎಂದೇ! ಹಳೇ ಗಾಡಿ ಕೊಳ್ಳುವುದಾದರೆ ನಂಬಿಕೆಯ ಮೆಕ್ಯಾನಿಕ್ಕನ್ನು ಕರೆದೊಯ್ಯಿರಿ. ಆರ್‌ಸಿಯಲ್ಲಿರುವ ಇಂಜಿನ್, ಛಾಸಿ ನಂಬರು ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು, ಸಾಲ ತೀರಿರಬೇಕು, ಫಾರಂ 29 ಮತ್ತು 30ಕ್ಕೆ ಸಹಿ ಆಗಿ ನಿಮ್ಮ ಹೆಸರಿಗೆ ವರ್ಗವಾಗಬೇಕು.

ಹೆಲ್ಮೆಟ್ಟಿನ ಹತ್ತಿರ ನಾನು ಯಾರ ಮಾತೂ ಕೇಳಲಿಲ್ಲ. ಐಎಸ್‌ಐ ಗುರುತು ನೋಡಿ, ಹಣೆಯ ಸುತ್ತಳತೆ ಟೇಪಿನಲ್ಲಿ ಅಳೆದು ತಂದೆ. ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟು ಬೇರೆ, ತಲೆ ಬೇರೆ ಆಡಬಾರದು. ತುರುಬಿನ ಮೇಲೆ ಸರಿಯಾಗಿ ಕೂರದು. ಕೆಳಗೆ ಜಡೆ ಹಾಕಿಕೊಳ್ಳಿ. ಒಮ್ಮೆ ಜೋರು ಪೆಟ್ಟು ಬಿದ್ದದ್ದನ್ನು ಮತ್ತೆ ಬಳಸಬೇಡಿ. ಎರಡು ತಂದೆವು. ಹಿಂದೆ ಕೂರುವವರಿಗೂ ನಮ್ಮ ರಾಜ್ಯದಲ್ಲಿ 2016ರಿಂದ ಕಡ್ಡಾಯ.

ಗಾಡಿ ಬಂದ ದಿನ ನಿಂಬೆಹಣ್ಣು, ಆರತಿ ಎಲ್ಲ ಆಯಿತು. “ಕೂತ್ಕೊಳಮ್ಮ, ದೇವಸ್ಥಾನಕ್ಕೆ ಹೋಗ್ಬರೋಣ” ಅಂದಳು. ಆ ಎರಡನೇ ಹೆಲ್ಮೆಟ್ಟು ಹಾಕಿಕೊಂಡು ಹಿಂದೆ ಕೂತೆ. ಅಗಸೆ ಬಾಗಿಲು ದಾಟುವಾಗ, ತಮ್ಮ ಬಿದ್ದ ಜಾಗದಲ್ಲಿ, ಅವಳ ಹೆಗಲನ್ನು ಬಿಗಿಯಾಗಿ ಹಿಡಿದೆ. ಅಲ್ಲಿ ಮರಳಿತ್ತು. ಅವಳು ತಾನಾಗಿಯೇ ಗೇರು ಇಳಿಸಿ, ನಿಧಾನಕ್ಕೆ ದಾಟಿಸಿ, “ಹೆದರ್ಕೋಬೇಡ” ಅಂದಳು. ನನ್ನ ಕಣ್ಣು ತುಂಬಿದ್ದು ಹೆಲ್ಮೆಟ್ಟಿನೊಳಗೆ ಯಾರಿಗೂ ಕಾಣಲಿಲ್ಲ.

ಈಗಲೂ ಸಂಜೆ ಆ ಸದ್ದು ಕೇಳುವ ತನಕ ಒಲೆ ಮುಂದೆ ಕೂತರೂ ಕಿವಿ ಬೀದಿಯಲ್ಲೇ. ಕೈ ಬರಿದಾಗಿದೆ ಅಂತ ಪಕ್ಕದ ಮನೆ ಅತ್ತಿಗೆ ಕೇಳಿದರು. “ಬಳೆ ಅಲ್ನೋಡಿ, ಹೊರಗೆ ನಿಂತಿದೆ” ಅಂದೆ.

ನಿಮ್ಮ ಮನೆಯ ಮೊದಲ ಗಾಡಿ ಯಾರ ಕೈಗೆ ಬಂತು? ಬರೆದು ತಿಳಿಸುತ್ತೀರಲ್ಲ?