ಹಯಾ ಎಂಬುದು ಹೆಣ್ಣಿಗೆ ಮಾತ್ರ ಹೊರಿಸಿದ ಹೊರೆಯೇ?

ಮದುವೆಯ ಸಭಾಂಗಣಗಳಲ್ಲಿ, ಬಸ್ಸು ನಿಲ್ದಾಣಗಳಲ್ಲಿ, ಉರೂಸ್ ಹಾಗೂ ಧಾರ್ಮಿಕ ಸಮ್ಮೇಳನಗಳ ಮೈದಾನಗಳಲ್ಲಿ ನಾವೆಲ್ಲರೂ ಕಂಡೂ ಕಾಣದಂತೆ ದಾಟಿಹೋಗುವ ಒಂದು ದೃಶ್ಯವಿದೆ. ಪುರುಷರ ಶೌಚಾಲಯಕ್ಕೆ ಹೋದವರು ಹೋದ ವೇಗದಲ್ಲಿಯೇ ಹಿಂದಿರುಗುತ್ತಿರುತ್ತಾರೆ. ಪಕ್ಕದ ಮಹಿಳೆಯರ ಶೌಚಾಲಯದ ಮುಂದೆ ಮಾತ್ರ ಸಾಲು ಕರಗುವುದೇ ಇಲ್ಲ. ಆ ಸಾಲಿನಲ್ಲಿ ತುಂಬು ಗರ್ಭಿಣಿ ಇರುತ್ತಾಳೆ, ಸಕ್ಕರೆ ಕಾಯಿಲೆಯ ಅಜ್ಜಿ ಇರುತ್ತಾರೆ, ಒಂದು ಮಗುವನ್ನು ಸೊಂಟದಲ್ಲೂ ಇನ್ನೊಂದನ್ನು ಕೈಯಲ್ಲೂ ಹಿಡಿದ ತಾಯಿ ಇರುತ್ತಾಳೆ. ಒಮ್ಮೊಮ್ಮೆ ಒಬ್ಬಾಕೆ ಇನ್ನು ತಾಳಲಾರದೆ ಪುರುಷರ ಶೌಚಾಲಯದೊಳಗೆ ನಡೆದುಬಿಡುತ್ತಾಳೆ. ಅಷ್ಟು ಹೊತ್ತು ಸಾಲನ್ನು ಕಾಣದಿದ್ದ ಕಣ್ಣುಗಳಿಗೆ ಆಗ ಅವಳು ಕಾಣುತ್ತಾಳೆ. ಹಯಾ ಎಲ್ಲಿ ಹೋಯಿತು ಎಂದು ಒಬ್ಬರು, ಕಿಯಾಮತ್ತಿನ ಲಕ್ಷಣ ಎಂದು ಇನ್ನೊಬ್ಬರು. ಸಂಜೆಯ ಹೊತ್ತಿಗೆ ಅದು ಮೊಬೈಲುಗಳಲ್ಲಿ ಉಪದೇಶದ ಸಂದೇಶವಾಗಿ ಹರಿದಾಡುತ್ತದೆ.

ಆ ಉಪದೇಶಕರನ್ನು ನಾವು ನೇರವಾಗಿ ಕೇಳಬೇಕಾಗಿದೆ: ಹಯಾ ಕೆಟ್ಟಿದ್ದು ಆ ಹೆಣ್ಣುಮಗಳು ಬಾಗಿಲು ದಾಟಿದಾಗಲೋ, ಅಥವಾ ಸಾವಿರ ಮಹಿಳೆಯರನ್ನು ಆಮಂತ್ರಿಸಿ ಅವರಿಗೆ ನಾಲ್ಕು ಶೌಚಾಲಯಗಳನ್ನು ಕಟ್ಟಿದಾಗಲೋ?

ಮೊದಲು ಸಾಲು ಏಕೆ ಉಂಟಾಗುತ್ತದೆ ಎಂಬುದನ್ನು ನೋಡೋಣ. ಹೆಂಗಸರು ಕನ್ನಡಿಯ ಮುಂದೆ ಕಾಲ ಕಳೆಯುತ್ತಾರೆ ಎಂಬ ಹಳಸಿದ ಹಾಸ್ಯವನ್ನು ಬದಿಗಿಡೋಣ. ಕಟ್ಟಡದ ನಕ್ಷೆಯಲ್ಲಿ ಎರಡೂ ಕಡೆಗೆ ಸಮಾನ ಜಾಗ ಕೊಟ್ಟು, ನ್ಯಾಯ ಪಾಲಿಸಿದೆವು ಎಂದು ಬಹುತೇಕ ಕಟ್ಟಿಸುವವರು ಭಾವಿಸುತ್ತಾರೆ. ಆದರೆ ಗೋಡೆಗೆ ತಾಗಿ ನಿಲ್ಲುವ ಮೂತ್ರಿಗಳಿಗೆ ಜಾಗ ಕಡಿಮೆ ಸಾಕು. ಆದ್ದರಿಂದ ನಾಲ್ಕು ಕೋಣೆಗಳು ಹಿಡಿಯುವ ಸ್ಥಳದಲ್ಲಿ ಪುರುಷರಿಗೆ ಎರಡು ಕೋಣೆ ಹಾಗೂ ಐದು ಮೂತ್ರಿಗಳು ದೊರೆಯುತ್ತವೆ. ಇನ್ನು ಸಮಯದ ಮಾತು. ಮಹಿಳೆ ಪ್ರತಿ ಸಲವೂ ಕೋಣೆಯ ಬಾಗಿಲು ಮುಚ್ಚಿಕೊಳ್ಳಬೇಕು, ಬುರ್ಖಾ ಅಥವಾ ಸೀರೆಯನ್ನು ನೆಲಕ್ಕೆ ತಾಗದಂತೆ ಸರಿಪಡಿಸಿಕೊಳ್ಳಬೇಕು, ಜೊತೆಗಿರುವ ಮಗುವನ್ನೂ ನೋಡಬೇಕು. ತಿಂಗಳ ದಿನಗಳಾದರೆ ಬೇರೆ ಅಗತ್ಯಗಳಿವೆ. ಒಂದು ಲೆಕ್ಕ ಹಾಕಿ ನೋಡಿ. ಪುರುಷನಿಗೆ ಒಂದು ನಿಮಿಷ, ಮಹಿಳೆಗೆ ಎರಡು ನಿಮಿಷ ಎಂದಿಟ್ಟುಕೊಂಡರೆ ಹತ್ತು ನಿಮಿಷಗಳಲ್ಲಿ ಆ ಕಡೆ 70 ಮಂದಿ, ಈ ಕಡೆ 20 ಮಂದಿ. ಜಾಗ ಸಮಾನವಾಗಿದ್ದರೂ ಸೌಲಭ್ಯ ಸಮಾನವಾಗಲಿಲ್ಲ. ನಮ್ಮ ಹುಡುಗಿಯರ ಶಿಸ್ತಿಗೂ ಈ ಸಾಲಿಗೂ ಸಂಬಂಧವಿಲ್ಲ. ಸಾಲು ಹುಟ್ಟಿದ್ದು ನಕ್ಷೆ ಬರೆದ ದಿನವೇ.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. 1990ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಸಂಗೀತ ಕಾರ್ಯಕ್ರಮವೊಂದರಲ್ಲಿ ಉದ್ದನೆಯ ಸಾಲನ್ನು ಕಂಡು ಪುರುಷರ ಶೌಚಾಲಯ ಬಳಸಿದ ಮಹಿಳೆಯೊಬ್ಬರ ಮೇಲೆ ಪ್ರಕರಣ ದಾಖಲಾಯಿತು. ನ್ಯಾಯಾಲಯದ ಪಂಚರು ಆಕೆಯನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿದರು. 2005ರಲ್ಲಿ ನ್ಯೂಯಾರ್ಕ್ ನಗರವು ಹೊಸದಾಗಿ ಕಟ್ಟುವ ಸಭಾಂಗಣ, ಕ್ರೀಡಾಂಗಣ, ರಂಗಮಂದಿರಗಳಲ್ಲಿ ಪುರುಷರಿಗೆ ಒಂದಿದ್ದರೆ ಮಹಿಳೆಯರಿಗೆ ಎರಡಿರಬೇಕೆಂದು ಕಾನೂನು ಮಾಡಿತು. ಇದಕ್ಕೆ ವ್ಯತಿರಿಕ್ತವಾದ ಪ್ರಸಂಗ ನೆದರ್‌ಲ್ಯಾಂಡ್ಸಿನದು. ಆಮ್‌ಸ್ಟರ್‌ಡಾಮಿನಲ್ಲಿ ರಾತ್ರಿ ವೇಳೆ ಶೌಚಾಲಯ ಸಿಗದೆ ಬೀದಿಯಲ್ಲಿ ಮೂತ್ರ ಮಾಡಿದ ಯುವತಿಗೆ ದಂಡ ಬಿತ್ತು. ಆಕೆ ಅದನ್ನು ಪ್ರಶ್ನಿಸಿದಾಗ, ಪುರುಷರ ಬೀದಿ ಮೂತ್ರಿಯನ್ನು ಬಳಸಬಹುದಿತ್ತಲ್ಲ ಎಂಬ ಅರ್ಥದ ಮಾತು 2017ರಲ್ಲಿ ನ್ಯಾಯಾಧೀಶರಿಂದಲೇ ಬಂತು. ಅದಕ್ಕೆ ಅಲ್ಲಿನ ಮಹಿಳೆಯರು ದೊಡ್ಡ ದನಿಯಲ್ಲಿ ಪ್ರತಿಭಟಿಸಿದರು. ಒಂದು ಕಡೆ ಪುರುಷರ ಶೌಚಾಲಯಕ್ಕೆ ಹೋದದ್ದೇ ಅಪರಾಧ, ಇನ್ನೊಂದು ಕಡೆ ಹೋಗದಿದ್ದದ್ದೇ ಅಪರಾಧ! ಎರಡರಲ್ಲೂ ಕಟೆಕಟೆಯಲ್ಲಿ ನಿಂತವಳು ಹೆಣ್ಣು. ಶೌಚಾಲಯ ಕಟ್ಟದವನು ಎರಡು ಕಡೆಯೂ ಕಾಣಿಸಲಿಲ್ಲ.

ನಮ್ಮ ದೇಶದಲ್ಲಿ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಲ್ಲ ನ್ಯಾಯಾಲಯಗಳ ಆವರಣದಲ್ಲಿ ಪುರುಷರಿಗೆ, ಮಹಿಳೆಯರಿಗೆ, ಅಂಗವಿಕಲರಿಗೆ ಹಾಗೂ ತೃತೀಯ ಲಿಂಗಿಗಳಿಗೆ ಪ್ರತ್ಯೇಕ ಶೌಚಾಲಯಗಳಿರಬೇಕೆಂದು ಆದೇಶಿಸಿತು. ಇದನ್ನು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನೊಂದಿಗೆ ಸೇರಿಸಿ ನೋಡಿತು. ನ್ಯಾಯ ಹೇಳುವ ಸ್ಥಳಗಳಿಗೇ ಇಂಥ ಆದೇಶ ಬೇಕಾಯಿತೆಂದರೆ ಉಳಿದ ಸ್ಥಳಗಳ ಸ್ಥಿತಿಯನ್ನು ಊಹಿಸಬಹುದು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರು ಸರಕಾರಿ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲದೆ ಪ್ರಯಾಣಿಸುತ್ತಿದ್ದಾರೆ. ಸ್ವಾಗತಾರ್ಹವೇ ಸರಿ. ಆದರೆ ಬಸ್ಸಿನಿಂದಿಳಿದ ಮಹಿಳೆಗೆ ನಿಲ್ದಾಣದಲ್ಲಿ ಬಾಗಿಲು ಭದ್ರವಾಗಿರುವ, ನೀರಿರುವ ಶೌಚಾಲಯ ಬೇಡವೇ? ಪ್ರಯಾಣದ ದಿನ ಬೆಳಗಿನಿಂದಲೇ ನೀರು ಕುಡಿಯದೆ ಮನೆಯಿಂದ ಹೊರಡುವ ನಮ್ಮ ತಾಯಂದಿರು, ಸಹೋದರಿಯರು ಎಷ್ಟು ಮಂದಿ! ನೀರು ಕುಡಿಯದೆ, ಮೂತ್ರ ತಡೆದು ದಿನಗಟ್ಟಲೆ ಸಾಗಿಸಿದರೆ ಮೂತ್ರನಾಳದ ಸೋಂಕು ಬರುತ್ತದೆ, ಅದು ಮೂತ್ರಪಿಂಡಕ್ಕೂ ಏರಬಹುದು, ಗರ್ಭಿಣಿಯರಿಗೆ ಇನ್ನೂ ಅಪಾಯ ಎಂಬುದನ್ನು ಯಾವ ವೈದ್ಯರೂ ಹೇಳುತ್ತಾರೆ. ಸರಕಾರವನ್ನು ನಾವು ಪ್ರಶ್ನಿಸಲೇಬೇಕು.

ಆದರೆ ಸರಕಾರವನ್ನು ಪ್ರಶ್ನಿಸುವ ಮುನ್ನ ನಮ್ಮ ಅಂಗಳವನ್ನು ನೋಡಿಕೊಳ್ಳೋಣ. ಶುಚಿತ್ವವು ಈಮಾನಿನ ಅರ್ಧಭಾಗವೆಂದು ನಮ್ಮ ಮದ್ರಸಗಳ ಒಂದನೆಯ ತರಗತಿಯ ಮಗುವೂ ಬಾಯಿಪಾಠ ಒಪ್ಪಿಸುತ್ತದೆ. ಮಲಮೂತ್ರದ ಒತ್ತಡವನ್ನು ತಡೆದುಕೊಂಡು ನಮಾಝ್‌ಗೆ ನಿಲ್ಲಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬಾರದೆಂಬ ಪ್ರವಾದಿ ಬೋಧನೆಯೂ ನಮಗೆ ತಿಳಿದದ್ದೇ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅರ್ಥವಾಗುವುದೇನು? ಮಹಿಳೆಯರಿಗೆ ನಮಾಝಿನ ಕೋಣೆಯನ್ನು ಕೊಟ್ಟು ಶೌಚಾಲಯವನ್ನೂ ವುಝೂವಿನ ಸ್ಥಳವನ್ನೂ ಕೊಡದ ಮಸೀದಿಯು ಅರ್ಧ ಬಾಗಿಲನ್ನು ಮಾತ್ರ ತೆರೆದಿದೆ. ಮೈದಾನದಲ್ಲಿ ಮಹಿಳೆಯರಿಗಾಗಿ ಪರದೆ ಕಟ್ಟಿ, ಕುರ್ಚಿ ಹಾಕಿ, ಧ್ವನಿವರ್ಧಕ ಇಟ್ಟು, ಅವರು ಐದು ಗಂಟೆ ಕುಳಿತಿರುವಾಗ ಏನು ಮಾಡಬೇಕೆಂದು ಯೋಚಿಸದ ಸಮ್ಮೇಳನ ಸಮಿತಿಯೂ ಅಂಥದ್ದೇ.

ಹೆಂಗಸರು ಮನೆಯಲ್ಲಿದ್ದರೆ ಈ ಸಮಸ್ಯೆಯೇ ಇಲ್ಲವಲ್ಲ ಎನ್ನುವವರೂ ನಮ್ಮಲ್ಲಿದ್ದಾರೆ. ಅವರು ಹ. ಸೌದಾ(ರ) ಅವರ ಪ್ರಸಂಗವನ್ನು ಮತ್ತೊಮ್ಮೆ ಓದಲಿ. ಮನೆಗಳಲ್ಲಿ ಶೌಚಾಲಯಗಳಿಲ್ಲದ ಆ ಕಾಲದಲ್ಲಿ ಮದೀನಾದ ಮಹಿಳೆಯರು ರಾತ್ರಿ ಹೊತ್ತು ಬಯಲಿಗೆ ಹೋಗುತ್ತಿದ್ದರು. ಒಂದು ರಾತ್ರಿ ಹೊರಟ ಹ. ಸೌದಾ(ರ) ಅವರನ್ನು ಹ. ಉಮರ್(ರ) ಗುರುತಿಸಿ ಕೂಗಿ ಹೇಳಿದರು. ಅವರು ನೊಂದು ಹಿಂದಿರುಗಿ ಪ್ರವಾದಿವರ್ಯರಲ್ಲಿ(ಸ) ದೂರಿದರು. ಆಗ ದಿವ್ಯವಾಣಿ ಬಂತು. ನಿಮ್ಮ ಅಗತ್ಯಗಳಿಗಾಗಿ ಹೊರಹೋಗಲು ನಿಮಗೆ ಅನುಮತಿಯಿದೆ ಎಂದು ಅವರು ಮಹಿಳೆಯರಿಗೆ ತಿಳಿಸಿದರು. ಗಮನಿಸಿ: ಹೆಣ್ಣು ಶೌಚಕ್ಕೆ ಹೊರಡುವ ಹಕ್ಕಿನ ವಿಷಯವು ಇಸ್ಲಾಮಿನಲ್ಲಿ ಚರ್ಚೆಗೆ ಬಂದಾಗ ತೀರ್ಪು ದೊರೆತದ್ದು ದೂರು ಕೊಟ್ಟ ಹೆಣ್ಣಿನ ಪರವಾಗಿ. ಅದೂ ಹ. ಉಮರ್(ರ) ಅವರಂಥ ಮಹಾನುಭಾವರ ಮಾತಿನೆದುರು.

ಹಾಗಾದರೆ ಸಾಲು ತಾಳಲಾರದೆ ಪುರುಷರ ಶೌಚಾಲಯ ಪ್ರವೇಶಿಸಿದವಳ ವಿಷಯದಲ್ಲಿ ನಮ್ಮ ನಿಲುವೇನು? ಅನಿವಾರ್ಯತೆಯು ನಿಷಿದ್ಧವಾದದ್ದಕ್ಕೂ ಅವಕಾಶ ಕೊಡುತ್ತದೆ, ಆದರೆ ಆ ಅವಕಾಶ ಅನಿವಾರ್ಯತೆಯಿರುವಷ್ಟಕ್ಕೆ ಮಾತ್ರ ಎಂಬುದು ಫಿಕ್ಹ್ ಕಲಿತ ಎಲ್ಲರಿಗೂ ತಿಳಿದ ನಿಯಮ. ಗರ್ಭಿಣಿಗೆ, ರೋಗಿಗೆ, ವೃದ್ಧೆಗೆ, ಪುಟ್ಟ ಮಗುವಿನ ತಾಯಿಗೆ ಇದು ನಿಜವಾದ ಅನಿವಾರ್ಯತೆ. ಆಗ ಅಲ್ಲಿರುವ ಪುರುಷರ ಕರ್ತವ್ಯ ಸ್ಪಷ್ಟವಿದೆ. ಹೊರಗೆ ಬನ್ನಿ, ಉಳಿದವರನ್ನು ಎರಡು ನಿಮಿಷ ತಡೆಯಿರಿ, ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿರಿ. ದೃಷ್ಟಿ ತಗ್ಗಿಸಬೇಕೆಂಬ ಕುರ್‌ಆನಿನ ಆದೇಶ ಅನ್ನೂರ್ ಅಧ್ಯಾಯದಲ್ಲಿ ಮೊದಲು ಬಂದಿರುವುದು ಪುರುಷರಿಗೆ. ಮಹಿಳೆಯರಿಗೆ ಬಂದದ್ದು ಅದರ ನಂತರದ ಸೂಕ್ತದಲ್ಲಿ. ಒಬ್ಬ ಗ್ರಾಮೀಣ ಅರಬನು ಮಸೀದಿಯೊಳಗೇ ಮೂತ್ರ ಮಾಡಿದಾಗ ಸಿಟ್ಟಿನಿಂದ ಧಾವಿಸಿದ ಸಹಾಬಿಗಳನ್ನು ಪ್ರವಾದಿವರ್ಯರು(ಸ) ತಡೆದರು, ಆತ ಮುಗಿಸುವ ತನಕ ಬಿಡಲು ಹೇಳಿದರು, ಬಳಿಕ ಅಲ್ಲಿ ನೀರು ಸುರಿಸಿದರು, ಆತನಿಗೆ ಮೆದುವಾಗಿ ತಿಳಿಹೇಳಿದರು. ಮಸೀದಿಯ ನೆಲದ ಮೇಲೆ ತಪ್ಪೆಸಗಿದವನಿಗೆ ಸಿಕ್ಕಿದ ಕರುಣೆ, ಸಭಾಂಗಣದ ಶೌಚಾಲಯದಲ್ಲಿ ಯಾವ ತಪ್ಪನ್ನೂ ಮಾಡದವಳಿಗೆ ಸಿಗಬಾರದೇ? ಆಕೆಯ ಚಿತ್ರ ತೆಗೆದು ಹಂಚುವವನು ಹಯಾವನ್ನು ಕಾಪಾಡುತ್ತಿಲ್ಲ, ಒಬ್ಬ ಮುಸ್ಲಿಮಳ ಮಾನವನ್ನು ಬಯಲಿಗಿಡುತ್ತಿದ್ದಾನೆ.

ಆದರೆ ಇದು ಪರಿಹಾರವಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಶೌಚಾಲಯಗಳಲ್ಲಿ ಗಂಡು ಹೆಣ್ಣೆಂಬ ಭೇದವನ್ನೇ ಅಳಿಸಿಬಿಟ್ಟರೆ ಸಾಲು ಕರಗುತ್ತದೆ ಎಂಬ ವಾದವೊಂದು ಇಂದು ಕೇಳಿಬರುತ್ತಿದೆ. ಲೆಕ್ಕ ಸರಿಯಿರಬಹುದು. ಆದರೆ ಅಪರಿಚಿತ ಪುರುಷರ ನಡುವೆ, ಚಿಲಕ ಸಡಿಲಗೊಂಡ ಬಾಗಿಲಿನ ಹಿಂದೆ ನಮ್ಮ ಹೆಣ್ಣುಮಕ್ಕಳು ನೆಮ್ಮದಿಯಿಂದಿರಲಾರರು. ಧರ್ಮಭೇದವಿಲ್ಲದೆ ಈ ನಾಡಿನ ಬಹುತೇಕ ಮಹಿಳೆಯರ ಮಾತೂ ಇದೇ. ನಮಗೆ ಪ್ರತ್ಯೇಕತೆ ಬೇಕು. ಬೇಕೆಂದಾದರೆ ಅದರ ವೆಚ್ಚವನ್ನೂ ನಾವೇ ಹೊರಬೇಕು. ಪ್ರತ್ಯೇಕತೆಯ ಬೋಧನೆ ಪುರುಷರದ್ದು, ಅದರ ಕಷ್ಟ ಮಹಿಳೆಯರದ್ದು ಎಂಬ ಹಂಚಿಕೆಯನ್ನು ಷರೀಅತ್ ಎಲ್ಲಿಯೂ ಮಾಡಿಲ್ಲ.

ಹಣವಿಲ್ಲ ಎಂಬ ಮಾತನ್ನು ದಯವಿಟ್ಟು ಯಾರೂ ಆಡದಿರಲಿ. ಗುಂಬಜಕ್ಕೆ ಬಣ್ಣ ಬಳಿಯಲು, ಅಮೃತಶಿಲೆ ಹಾಸಲು, ತೂಗುದೀಪ ಹಾಕಲು, ಮದುವೆಯ ವೇದಿಕೆಯನ್ನು ಒಂದು ಸಂಜೆಗಾಗಿ ಹೂವಿನಿಂದ ಮುಚ್ಚಲು ನಮ್ಮಲ್ಲಿ ಹಣವಿದೆ. ನಮ್ಮ ಪೂರ್ವಿಕರು ಕೈರೋ, ಫೆಝ್, ಇಸ್ತಾಂಬುಲ್‌ಗಳಲ್ಲಿ ಮಸೀದಿಯ ಜೊತೆಗೆ ನೀರಿನ ಕಟ್ಟೆ, ಸ್ನಾನಗೃಹ, ವುಝೂ ಮತ್ತು ಶೌಚದ ವ್ಯವಸ್ಥೆಗಳಿಗೂ ವಕ್ಫ್ ಬರೆದಿಟ್ಟರು. ಶೌಚಾಲಯಕ್ಕೆ ಕೊಡುವುದು ಕೀಳು ದಾನವೆಂಬ ಭಾವನೆ ಅವರಲ್ಲಿರಲಿಲ್ಲ.

ಆದ್ದರಿಂದ ಜಮಾಅತ್ ಸಮಿತಿಗಳ ಮುಂದೆ ನಮ್ಮ ಬೇಡಿಕೆಗಳು ಇಷ್ಟೇ. ಹೊಸ ಮಸೀದಿ, ಮದ್ರಸ, ಸಭಾಂಗಣದ ನಕ್ಷೆಯಲ್ಲಿ ಮಹಿಳೆಯರ ಶೌಚಾಲಯಗಳು ಪುರುಷರದ್ದಕ್ಕಿಂತ ಎರಡು ಪಟ್ಟು ಇರಲಿ. ಒಳಗೆ ನೀರು, ಬೆಳಕು, ಚಿಲಕ, ಬ್ಯಾಗು ನೇತುಹಾಕಲು ಮೊಳೆ, ಮುಚ್ಚಳವಿರುವ ಕಸದ ಬುಟ್ಟಿ, ವೃದ್ಧೆಯರಿಗಾಗಿ ಎತ್ತರದ ಆಸನವಿರುವ ಒಂದಾದರೂ ಕೋಣೆ ಇರಲಿ. ಹಳೆಯ ಕಟ್ಟಡಗಳಲ್ಲಿ ಮಹಿಳೆಯರೇ ಹೆಚ್ಚಾಗಿ ಸೇರುವ ದಿನ ಪುರುಷರ ಒಂದು ಶೌಚಾಲಯವನ್ನು ಫಲಕ ಹಾಕಿ, ಕಾವಲು ನಿಲ್ಲಿಸಿ ಮಹಿಳೆಯರಿಗೆ ಬಿಟ್ಟುಕೊಡಿ. ಹಾಗೆ ಮಾಡಿದರೆ ಯಾವ ಸಹೋದರಿಯೂ ನಾಚಿಕೆಯಿಂದ ಕುಗ್ಗುತ್ತಾ ಇನ್ನೊಬ್ಬರ ಬಾಗಿಲು ತಟ್ಟಬೇಕಿಲ್ಲ. ಮುಖ್ಯವಾಗಿ, ನಕ್ಷೆ ಅಂತಿಮಗೊಳ್ಳುವ ಮುನ್ನ ಮಹಿಳೆಯರನ್ನು ಕೇಳಿ. ಸಾಲಿನಲ್ಲಿ ನಿಂತವರಿಗಲ್ಲದೆ ಬೇರಾರಿಗೆ ಆ ಸಾಲಿನ ಉದ್ದ ಗೊತ್ತು?

ಮಗುವಿನ ಅಳು ಕಿವಿಗೆ ಬಿದ್ದೊಡನೆ, ಅದರ ತಾಯಿಗೆ ಕಷ್ಟವಾಗಬಾರದೆಂದು ನಮಾಝನ್ನೇ ಚುಟುಕುಗೊಳಿಸಿದ ಪ್ರವಾದಿಯ(ಸ) ಸಮುದಾಯ ನಾವು. ತೀರಿಹೋದ ತಾಯಿಯ ಹೆಸರಿನಲ್ಲಿ ಯಾವ ದಾನ ಉತ್ತಮವೆಂದು ಹ. ಸಅದ್ ಬಿನ್ ಉಬಾದಾ(ರ) ಕೇಳಿದಾಗ ನೀರು ಎಂಬ ಉತ್ತರ ಬಂತು, ಅವರು ಬಾವಿ ತೋಡಿಸಿದರು. ನಮ್ಮೂರುಗಳಲ್ಲಿ ಇಂದು ಬಾವಿ, ನಳ್ಳಿಗಳಿಗೆ ಬರವಿಲ್ಲ. ತಾಯಿಯ ಪುಣ್ಯಕ್ಕಾಗಿ ಏನಾದರೂ ಮಾಡಬೇಕೆಂದಿರುವ ಮಗ, ತನ್ನ ತಾಯಿ ಬದುಕಿನುದ್ದಕ್ಕೂ ಎಷ್ಟು ಸಾಲುಗಳಲ್ಲಿ ಹಲ್ಲು ಕಚ್ಚಿ ನಿಂತಿದ್ದಳೆಂಬುದನ್ನು ನೆನೆಯಲಿ. ಬಸ್ಸು ನಿಲ್ದಾಣದ ಬಳಿಯೋ ಮಸೀದಿಯ ಮಗ್ಗುಲಲ್ಲೋ ಮಹಿಳೆಯರಿಗಾಗಿ ನಾಲ್ಕು ಶುಚಿಯಾದ ಕೋಣೆಗಳನ್ನು ಕಟ್ಟಿಸಲಿ. ಅಲ್ಲಿಂದ ನಿರಾಳವಾಗಿ ಹೊರಬರುವ ಪ್ರತಿಯೊಬ್ಬ ಹೆಣ್ಣುಮಗಳ ದುಆ ಆ ತಾಯಿಗೆ ತಲಪೀತು, ಇನ್‌ಶಾ ಅಲ್ಲಾಹ್.